ನಡುರಾತ್ರಿಯ ದಮ್ಮು: ಕ್ಯಾಜುವಾಲ್ಟಿಗೆ ಮತ್ತೆ ಮತ್ತೆ ಬರುತ್ತಿದ್ದ ಒಬ್ಬ ರೋಗಿಯ ಪ್ರಕರಣ

ರೋಗಿ ಹೆಂಗಸು, ವಯಸ್ಸು ಐವತ್ತೈದರ ಆಸುಪಾಸು. ಕೊಪ್ಪಳ ಜಿಲ್ಲೆಯ ಗಂಗಾವತಿ-ಕಾರಟಗಿ ಸೀಮೆಯ ಒಂದು ಕ್ಯಾಂಪಿನಲ್ಲಿ ಮನೆ (ಕಾಲುವೆ ನೀರಾವರಿಯ ಜೊತೆ ಬೆಳೆದ ಸಣ್ಣ ಊರಿಗೆ ಇಲ್ಲಿ ಕ್ಯಾಂಪ್ ಅನ್ನುತ್ತಾರೆ). ಅಕ್ಕಿ ಗಿರಣಿಯಲ್ಲಿ ದಿನಗೂಲಿ. ಗಂಡ ತೀರಿಕೊಂಡಿದ್ದಾರೆ. ಮಗ, ಸೊಸೆ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ. ಜೊತೆಗಿರುವುದು ಏಳನೇ ಕ್ಲಾಸಿನ ಮೊಮ್ಮಗಳು ಒಬ್ಬಳೇ. ರಾತ್ರಿ ದಮ್ಮು (ಉಬ್ಬಸ) ಹತ್ತುತ್ತದೆ ಅನ್ನುವುದೊಂದೇ ದೂರು. ಹೆಸರು ಇಲ್ಲಿ ಬೇಡ. ನಮ್ಮಲ್ಲಿ ಎಲ್ಲರೂ ಕರೆಯುವ ಹಾಗೆ ‘ದೊಡ್ಡವ್ವ’ ಅಂತಲೇ ಬರೆಯುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಯೊಂದರ ಕ್ಯಾಜುವಾಲ್ಟಿಯಲ್ಲಿ, ಅಂದರೆ ತುರ್ತು ವಿಭಾಗದಲ್ಲಿ, ಸ್ಟಾಫ್ ನರ್ಸ್. ಈ ಪ್ರಕರಣ ಬರೆಯಲು ಕಾರಣ ಇದೆ. ಮತ್ತೆ ಮತ್ತೆ ಕ್ಯಾಜುವಾಲ್ಟಿಗೆ ಬರುವವರ ಬಗ್ಗೆ ಎಲ್ಲ ಕಡೆ ಒಂದೇ ಮಾತು ಕೇಳುತ್ತೇವೆ: ‘ಸುಮ್ನೆ ಬರ್ತಾರೆ, ಅಭ್ಯಾಸ ಆಗಿದೆ, ಹಗಲು ಓಪಿಡಿಗೆ ಬರೋಕೆ ಏನು ಕಷ್ಟ?’ ದೊಡ್ಡವ್ವ ಸುಮ್ನೆ ಬರುತ್ತಿರಲಿಲ್ಲ. ಅವರು ಬಂದ ಒಂದೊಂದು ರಾತ್ರಿಗೂ ಕಾರಣ ಇತ್ತು. ಆ ಕಾರಣಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಮಾತ್ರ ಯಾರದ್ದೂ ಆಗಿರಲಿಲ್ಲ.

ಅವರು ಬರುವ ರೀತಿ ಯಾವಾಗಲೂ ಹೆಚ್ಚುಕಡಿಮೆ ಒಂದೇ. ರಾತ್ರಿ ಎರಡು, ಮೂರರ ಹೊತ್ತಿಗೆ 108 ಬಂದು ನಿಲ್ಲುತ್ತದೆ. ಬೆಂಚಿನ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಾರೆ. ಬಾಗಿಲ ಆಚೆಗೂ ಕೇಳುವಷ್ಟು ಸುಂಯ್ ಸುಂಯ್ ಸದ್ದು. ಮೊಮ್ಮಗಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಾವು ಮಾಸ್ಕ್ ಹಾಕಿ, ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಚ್ಚುತ್ತೇವೆ. ಇಲ್ಲಿನ ಜನ ಅದಕ್ಕೆ ‘ಹೊಗೆ ಹಿಡಿಯೋದು’ ಅನ್ನುತ್ತಾರೆ. ಜೊತೆಗೆ ಒಂದು ಇಂಜೆಕ್ಷನ್. ಅರ್ಧ ಗಂಟೆಯಲ್ಲಿ ಮುಖಕ್ಕೆ ಕಳೆ ಬರುತ್ತದೆ. ‘ಈಗ ಹಗುರಾತು ಯವ್ವಾ’ ಅನ್ನುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಮನೆ. ಅಲ್ಲಿಂದ ಸೀದಾ ಗಿರಣಿ. ಕೆಲವು ದಿನ ಬಿಟ್ಟು ಮತ್ತೆ 108.

ಇಂಥವರಿಗೆ ಆಸ್ಪತ್ರೆಗಳಲ್ಲಿ ಇಟ್ಟ ಹೆಸರು ‘ಕಾಯಂ ಗಿರಾಕಿ’. ಪ್ರೀತಿಯಿಂದ ಹೇಳುವವರೂ ಇದ್ದಾರೆ, ಬೇಸರದಿಂದ ಹೇಳುವವರೂ ಇದ್ದಾರೆ. ಹೇಗೆ ಹೇಳಿದರೂ ಅದು ಅಪಾಯದ ಹೆಸರು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ರಿಜಿಸ್ಟರಿನಲ್ಲಿ ಕಂಡದ್ದು

ಕ್ಯಾಜುವಾಲ್ಟಿ ರಿಜಿಸ್ಟರಿನ ಹಿಂದಿನ ಒಂದು ವರ್ಷದ ಪುಟಗಳಲ್ಲಿ ದೊಡ್ಡವ್ವನ ಹೆಸರು ಹುಡುಕುವುದೇ ದೊಡ್ಡ ಕೆಲಸ ಆಯಿತು. ಒಂದೊಂದು ಡ್ಯೂಟಿಯಲ್ಲಿ ಒಬ್ಬೊಬ್ಬರು ಬರೆದಿದ್ದಾರೆ. ಒಂದು ಕಡೆ ವಯಸ್ಸು 48, ಇನ್ನೊಂದು ಕಡೆ 60. ಹೆಸರಿನ ಅಕ್ಷರ ಬೇರೆ ಬೇರೆ. ಊರಿನ ಜಾಗದಲ್ಲಿ ಒಮ್ಮೆ ಕ್ಯಾಂಪಿನ ಹೆಸರು, ಒಮ್ಮೆ ಪಂಚಾಯಿತಿ ಊರಿನ ಹೆಸರು. ಫೋನ್ ನಂಬರ್ ಒಮ್ಮೆ ಮಗನದ್ದು, ಒಮ್ಮೆ ಪಕ್ಕದ ಮನೆಯವರದ್ದು. ಅಂದರೆ ನಮ್ಮ ಪುಸ್ತಕದ ಲೆಕ್ಕದಲ್ಲಿ ಹತ್ತಾರು ಹೆಂಗಸರು ಒಂದೊಂದು ಸಲ ಬಂದು ಹೋಗಿದ್ದರು. ಎಲ್ಲರೂ ಒಬ್ಬರೇ ಅಂತ ಗೊತ್ತಿದ್ದದ್ದು ನಮ್ಮ ತಲೆಯಲ್ಲಿ ಮಾತ್ರ, ಅದೂ ಅವತ್ತು ಡ್ಯೂಟಿಯಲ್ಲಿದ್ದವರ ತಲೆಯಲ್ಲಿ. ಒಟ್ಟಿಗೆ ಜೋಡಿಸಿದಾಗ ವರ್ಷಕ್ಕೆ ಮೂವತ್ತಕ್ಕಿಂತ ಜಾಸ್ತಿ ಸಲ ಬಂದಿದ್ದರು.

ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ಒಕ್ಕಣೆ: ನೆಬ್ಯುಲೈಸೇಶನ್ ಕೊಡಲಾಗಿದೆ, ನಾಳೆ ಓಪಿಡಿಗೆ ಬರಲು ತಿಳಿಸಿದೆ. ಒಂದೊಂದೇ ಸಾಲು ನೋಡಿದರೆ ಯಾರ ತಪ್ಪೂ ಇಲ್ಲ. ಆ ರಾತ್ರಿಗೆ ಕೊಡಬೇಕಾದ ಚಿಕಿತ್ಸೆ ಕೊಟ್ಟಿದ್ದಾರೆ. ಎಲ್ಲ ಸಾಲೂ ಸೇರಿಸಿ ನೋಡಿದರೆ ಕಾಯಿಲೆಗೆ ಚಿಕಿತ್ಸೆಯೇ ಆಗಿಲ್ಲ.

ಹೊರದೇಶಗಳಲ್ಲಿ ಈ ವಿಷಯದ ಮೇಲೆ ಬಹಳ ಕೆಲಸ ಆಗಿದೆ. ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಸಲ ತುರ್ತು ವಿಭಾಗಕ್ಕೆ ಬಂದರೆ ‘ಮತ್ತೆ ಮತ್ತೆ ಬರುವವರು’ ಅಂತ ಸಾಮಾನ್ಯವಾಗಿ ಲೆಕ್ಕ. 2010ರಲ್ಲಿ ಅಮೆರಿಕದಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಇಂಥವರು ರೋಗಿಗಳಲ್ಲಿ 4.5ರಿಂದ 8%ರಷ್ಟು ಮಾತ್ರ, ಆದರೆ ಒಟ್ಟು ಭೇಟಿಗಳಲ್ಲಿ 21ರಿಂದ 28% ಇವರದ್ದೇ ಅಂತ ಕಂಡುಬಂತು. ಇವರು ಸುಮ್ಮನೆ ಬರುವವರಲ್ಲ, ಉಳಿದವರಿಗಿಂತ ಜಾಸ್ತಿ ಕಾಯಿಲೆ ಇರುವವರು ಅನ್ನುವುದೂ ಅಲ್ಲೇ ಗೊತ್ತಾಯಿತು. ಅಲ್ಲಿನವರಲ್ಲಿ ಎಷ್ಟೋ ಜನಕ್ಕೆ ವಿಮೆ ಇತ್ತು, ತುರ್ತು ವಿಭಾಗದ ಜೊತೆಗೆ ಬೇರೆ ಡಾಕ್ಟರುಗಳ ಹತ್ತಿರವೂ ಹೋಗುತ್ತಿದ್ದರು. ದೊಡ್ಡವ್ವನಿಗೆ ಆ ಬೇರೆ ಡಾಕ್ಟರ್ ಅಂದರೆ ಕ್ಯಾಂಪಿನಲ್ಲಿ ಡಿಗ್ರಿ ಇಲ್ಲದೆ ಇಂಜೆಕ್ಷನ್ ಕೊಡುವ ಆರ್‌ಎಂಪಿ. ಅವರ ಕಥೆಯೂ ಇದರಲ್ಲಿ ಇದೆ.

ಸದ್ದಿಲ್ಲದ ರಾತ್ರಿ

ನವೆಂಬರ್ ಕೊನೆ. ಮುಂಗಾರು ಭತ್ತದ ಕಟಾವು ಜೋರಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಕೊಯ್ಯುವ ಮೆಷಿನ್‌ಗಳು ಹಗಲೂ ರಾತ್ರಿ ಓಡುತ್ತವೆ. ಕೊಯ್ದ ಗದ್ದೆಯ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ಗಿರಣಿಗಳು ತುಂಬಿ ಹರಿಯುತ್ತವೆ. ಚಳಿ ಬೇರೆ. ಈ ದಿನಗಳಲ್ಲಿ ನಮ್ಮ ನೆಬ್ಯುಲೈಸರ್ ತಣ್ಣಗಾಗುವುದೇ ಇಲ್ಲ.

ಅವತ್ತು ದೊಡ್ಡವ್ವ ಬಂದಾಗ ಗಲಾಟೆ ಇರಲಿಲ್ಲ. ‘ಇವತ್ತು ಪರವಾಗಿಲ್ಲ, ಸದ್ದು ಕಮ್ಮಿ ಐತಿ’ ಅಂತ ಜೊತೆಗೆ ಬಂದವರೊಬ್ಬರು ಹೇಳಿದರು. ಡ್ಯೂಟಿಯಲ್ಲಿದ್ದವರು ಹೊಸದಾಗಿ ಬಂದ ಡಾಕ್ಟರ್. ದೊಡ್ಡವ್ವನನ್ನು ಅವರು ನೋಡಿದ್ದು ಅದೇ ಮೊದಲು. ಹೆಸರು ಕೇಳಿದರು. ದೊಡ್ಡವ್ವ ಅರ್ಧ ಹೆಸರು ಹೇಳಿ ನಿಂತರು. ಉಳಿದರ್ಧಕ್ಕೆ ಇನ್ನೊಂದು ಉಸಿರು ಬೇಕಾಯಿತು. ಡಾಕ್ಟರ್ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು, ಎಡಗಡೆ, ಬಲಗಡೆ, ಮತ್ತೆ ಎಡಗಡೆ. ಏನೂ ಕೇಳಲಿಲ್ಲ. ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ 84 ತೋರಿಸಿತು, ತೀರಾ ಕಡಿಮೆ. ಕಣ್ಣು ಎಳೆಯುತ್ತಿತ್ತು, ನಿದ್ದೆ ಬಂದವರ ಹಾಗೆ.

ಇದನ್ನು ಓದುವ ಎಲ್ಲರೂ, ಮನೆಯಲ್ಲಿ ಆಸ್ತಮಾ ಇರುವವರಂತೂ ಖಂಡಿತ, ಒಂದು ವಿಷಯ ತಿಳಿದಿರಬೇಕು. ಸುಂಯ್ ಅನ್ನುವ ಸದ್ದು ಬರುವುದು ಇಕ್ಕಟ್ಟಾದ ಶ್ವಾಸನಾಳದಲ್ಲಿ ಗಾಳಿ ಓಡಾಡುವಾಗ. ನಾಳ ತೀರಾ ಮುಚ್ಚಿಕೊಂಡರೆ ಗಾಳಿಯೇ ಓಡುವುದಿಲ್ಲ, ಸದ್ದೂ ಇರುವುದಿಲ್ಲ. ಏದುಸಿರು ಬಿಡುತ್ತಿರುವ ಆಸ್ತಮಾ ರೋಗಿಯ ಎದೆ ಸುಮ್ಮನಾದರೆ ಅದು ಕಡಿಮೆ ಆದ ಲಕ್ಷಣ ಅಲ್ಲ. ಜೀವಕ್ಕೆ ಅಪಾಯದ ಲಕ್ಷಣ. ಜೊತೆಗೆ ಮಂಪರು ಬಂದರೆ ಒಂದು ನಿಮಿಷವೂ ತಡ ಮಾಡುವಂತಿಲ್ಲ.

ಆಕ್ಸಿಜನ್ ಹಚ್ಚಿದೆವು. ನಾಳ ಸಡಿಲಿಸುವ ಸಾಲ್ಬುಟಮಾಲ್ ಜೊತೆ ಇಪ್ರಾಟ್ರೋಪಿಯಂ ಸೇರಿಸಿ ಬೆನ್ನುಬೆನ್ನಿಗೆ ನೆಬ್ಯುಲೈಸ್ ಮಾಡಿದೆವು. ರಕ್ತನಾಳಕ್ಕೆ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್. ಆಮೇಲೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 20 ನಿಮಿಷದಲ್ಲಿ ನಿಧಾನವಾಗಿ. ಸ್ವಲ್ಪ ಹೊತ್ತಿನ ಮೇಲೆ ಎದೆಯಲ್ಲಿ ಸುಂಯ್ ಸದ್ದು ಶುರುವಾಯಿತು. ಅದನ್ನು ಕೇಳಿ ಡಾಕ್ಟರ್ ಮುಖ ಸಡಿಲ ಆಯಿತು. ಬೆಳಗಾಗುವ ಮೊದಲೇ ಆಕ್ಸಿಜನ್ ಸಮೇತ ಆಂಬ್ಯುಲೆನ್ಸಿನಲ್ಲಿ ಕೊಪ್ಪಳಕ್ಕೆ ಕಳಿಸಿದೆವು.

ಆ ಡಾಕ್ಟರಿಗೆ ದೊಡ್ಡವ್ವ ಹೊಸಬರು. ಹಾಗಾಗಿ ಮೊದಲಿಂದ ಕೊನೆವರೆಗೆ ನೋಡಿದರು. ಕಾಯಂ ಗಿರಾಕಿ ಅನ್ನುವ ಹೆಸರಿನ ಅಪಾಯ ಇಲ್ಲಿದೆ. ಹಿಂದೆ ಬಂದದ್ದೆಲ್ಲ ಅರ್ಧ ಗಂಟೆಯಲ್ಲಿ ಕಡಿಮೆ ಆಗಿತ್ತು, ಇವತ್ತೂ ಹಾಗೇ ಅಂತ ಯಾರಿಗಾದರೂ ಅನ್ನಿಸಿಬಿಡುತ್ತದೆ. ಮೂವತ್ತು ಸಲ ಬಂದವರಿಗೆ ಮೂವತ್ತೊಂದನೇ ಸಲ ಬೇರೆ ಏನೋ ಆಗಿರಬಹುದು. ಲೆಕ್ಕ ಹಾಕಿದರೆ ಹಾಗೆ ಆಗುವ ಸಾಧ್ಯತೆ ಇವರಿಗೇ ಜಾಸ್ತಿ. ಜಗತ್ತಿನ ಆಸ್ತಮಾ ಸಾವುಗಳಲ್ಲಿ 40%ಕ್ಕಿಂತ ಜಾಸ್ತಿ ನಮ್ಮ ದೇಶದಲ್ಲೇ ಆಗುತ್ತವೆ ಅಂತ ಅಂದಾಜಿದೆ. ಆಸ್ತಮಾ ಇರುವವರ ಸಂಖ್ಯೆಯಲ್ಲಿ ನಮ್ಮ ಪಾಲು ಅದರ ಮೂರನೇ ಒಂದು ಭಾಗದಷ್ಟು. ಕಾಯಿಲೆ ಇಲ್ಲಿ ಅಷ್ಟು ಜಾಸ್ತಿ ಇಲ್ಲ, ಸಾವು ಜಾಸ್ತಿ ಇದೆ. ತಡೆಯಬಹುದಾದ ಸಾವುಗಳಿವು. ನನಗೆ ಇದು ಸಹಿಸಲು ಆಗದ ಸಂಗತಿ.

ಚೀಲದೊಳಗೆ

ಕೊಪ್ಪಳದಲ್ಲಿ ಒಂದು ವಾರದ ಹತ್ತಿರ ಇದ್ದರು. ಕಫ ಪರೀಕ್ಷೆ ಮಾಡಿ ಕ್ಷಯ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಇಸಿಜಿ, ಎಕ್ಸ್‌ರೇ ಆಯಿತು. ಸುಧಾರಿಸಿದ ಮೇಲೆ ಸ್ಪೈರೋಮೆಟ್ರಿ, ಅಂದರೆ ಜೋರಾಗಿ ಊದಿಸಿ ಎಷ್ಟು ಗಾಳಿ ಎಷ್ಟು ವೇಗದಲ್ಲಿ ಹೊರಬರುತ್ತದೆ ಅಂತ ನೋಡುವ ಪರೀಕ್ಷೆ. ಔಷಧಿ ಕೊಟ್ಟ ಮೇಲೆ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ 12%ಕ್ಕಿಂತ ಜಾಸ್ತಿ, 200 ಮಿಲಿಲೀಟರಿಗಿಂತ ಜಾಸ್ತಿ ಏರಿದರೆ ಆಸ್ತಮಾ ಕಡೆ ಬೆರಳು ತೋರಿಸುತ್ತದೆ. ಇವರಿಗೆ ಏರಿತು. ಪೂರ್ತಿ ಸರಿಹೋಗಲಿಲ್ಲ. ಆಸ್ತಮಾ ಇದೆ, ಅದರ ಜೊತೆ ವರ್ಷಗಟ್ಟಲೆ ಹೊಗೆ ಮತ್ತು ದೂಳಿನಿಂದ ಆದ ಹಾನಿಯೂ ಇದೆ ಅಂತ ಅಲ್ಲಿನ ಡಾಕ್ಟರ್ ಬರೆದು ಕಳಿಸಿದರು.

ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ದೊಡ್ಡವ್ವ ತೋರಿಸಿಕೊಳ್ಳಲು ಬಂದರು. ಕ್ಯಾಜುವಾಲ್ಟಿ ಖಾಲಿ ಇತ್ತು. ಆ ಪ್ಲಾಸ್ಟಿಕ್ ಚೀಲವನ್ನು ಮಂಚದ ಮೇಲೆ ಸುರಿಯಲು ಹೇಳಿದೆ.

ಚೀಟಿಗಳ ಜೊತೆ ಮೂರು ನೀಲಿ ಪಂಪು, ಅಂದರೆ ಬಾಯಿಗೆ ಹಿಡಿದು ಒತ್ತಿ ಎಳೆದುಕೊಳ್ಳುವ ಇನ್ಹೇಲರ್, ಬಿದ್ದವು. ಒಂದು ಕಾಗದದ ಪೊಟ್ಟಣದಲ್ಲಿ ಸಣ್ಣ ಬಿಳಿ ಮಾತ್ರೆಗಳು. ಆಮೇಲೆ ಕ್ಯಾಪ್ಸೂಲ್, ಅರ್ಧ ಖಾಲಿ ಆಗಿದ್ದವು. ಉಸಿರಿನಲ್ಲಿ ಎಳೆದುಕೊಳ್ಳುವ ರೋಟಾಕ್ಯಾಪ್ ಅವು. ಒಂದು ಚಿಕ್ಕ ಸಾಧನದಲ್ಲಿ ಹಾಕಿ ತಿರುಗಿಸಿದರೆ ಕ್ಯಾಪ್ಸೂಲ್ ಬಿಚ್ಚಿಕೊಂಡು, ಒಳಗಿನ ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಬೇಕು. ಆ ಸಾಧನ ಚೀಲದಲ್ಲಿ ಇರಲಿಲ್ಲ.

‘ದೊಡ್ಡವ್ವಾ, ಇವನ್ನ ಹೆಂಗ ತಗೋತಿ?’

‘ಮುಂಜಾನಿ ಒಂದು, ರಾತ್ರಿ ಒಂದು. ನೀರಾಗ ನುಂಗ್ತೀನಿ.’

‘ಎಷ್ಟು ದಿನದಿಂದ?’

‘ಮಳಿಗಾಲದಾಗಿಂದ ನುಂಗಾಕ ಹತ್ತೀನಿ. ಏನೂ ಕಡಿಮಿ ಆಗವಲ್ದು.’

ಚೀಟಿಯಲ್ಲಿ ಬರೆದಿದ್ದು 1-0-1. ಬೆಳಿಗ್ಗೆ ಒಂದು, ರಾತ್ರಿ ಒಂದು. ದೊಡ್ಡವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಔಷಧಿ ಕೊಡುವ ಕಿಟಕಿಯಲ್ಲಿ ಸಾಧನ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ ಅಂದಿದ್ದರಂತೆ. ಏನು ಸಾಧನ, ಯಾಕೆ ಅಂತ ಯಾರೂ ಹೇಳಲಿಲ್ಲ. ಕ್ಯಾಪ್ಸೂಲ್ ಅಂದಮೇಲೆ ನುಂಗುವುದೇ ಅಲ್ವಾ? ಇದು ನಮ್ಮ ಹಳ್ಳಿಯ ಹೆಂಗಸರಿಗೆ ಮಾತ್ರ ಆಗುವ ಗೊಂದಲ ಅಂದುಕೊಳ್ಳಬೇಡಿ. ಎಳೆದುಕೊಳ್ಳುವ ಕ್ಯಾಪ್ಸೂಲುಗಳನ್ನು ಜನ ನುಂಗುತ್ತಿದ್ದಾರೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯೇ 2008ರಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು.

ಇನ್ನು ನೀಲಿ ಪಂಪು. ‘ಒಮ್ಮೆ ತಗೊಂಡು ತೋರಸು’ ಅಂದೆ. ಬಾಯಿ ತೆರೆದು, ನಾಲಿಗೆ ಮೇಲೆ ಮೂರು ಸಲ ಬೆನ್ನುಬೆನ್ನಿಗೆ ಒತ್ತಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟರು. ಔಷಧಿಯೆಲ್ಲ ನಾಲಿಗೆಗೆ. ಮೂರರಲ್ಲಿ ಎರಡು ಪಂಪು ಖಾಲಿ. ಆದರೂ ಒತ್ತಿದರೆ ಪುಸ್ ಅನ್ನುತ್ತಿದ್ದವು. ಇಂಥ ಪಂಪಿನಲ್ಲಿ ಸಾಮಾನ್ಯವಾಗಿ 200 ಸಲಕ್ಕಾಗುವಷ್ಟು ಔಷಧಿ ಇರುತ್ತದೆ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಸ್ವಲ್ಪ ದಿನ ಸದ್ದು ಮಾಡುತ್ತದೆ. ಎಣಿಕೆ ತೋರಿಸುವ ಕೌಂಟರ್ ಇಲ್ಲದಿದ್ದರೆ ಖಾಲಿ ಆದದ್ದು ಗೊತ್ತೇ ಆಗುವುದಿಲ್ಲ.

ಸರಿಯಾಗಿ ಎಳೆದುಕೊಂಡಿದ್ದರೂ ನೀಲಿ ಪಂಪು ಒಂದರಿಂದಲೇ ಆಗುವ ಕೆಲಸ ಅಲ್ಲ ಇದು. ಅದರಲ್ಲಿರುವ ಸಾಲ್ಬುಟಮಾಲ್ ಬಿಗಿದ ನಾಳವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕರಿಂದ ಆರು ತಾಸು ತಡೆಯುತ್ತದೆ. ನಾಳದ ಒಳಗಿನ ಬಾವು ಹಾಗೇ ಇರುತ್ತದೆ. ಮಾಳಿಗೆ ಸೋರುವಾಗ ಕೆಳಗೆ ಬುಟ್ಟಿ ಇಟ್ಟ ಹಾಗೆ. ಬಾವು ಇಳಿಸುವುದು ಎಳೆದುಕೊಳ್ಳುವ ಸ್ಟೀರಾಯ್ಡ್, ದಿನಾ ತಗೊಳ್ಳಬೇಕು. 2019ರಿಂದ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯೇ ಬದಲಾಗಿದೆ. ದೊಡ್ಡವರಿಗೆ ಬರೀ ನೀಲಿ ಪಂಪಿನ ಚಿಕಿತ್ಸೆ ಬೇಡ, ಜೊತೆಗೆ ಬಾವು ಇಳಿಸುವ ಔಷಧಿ ಇರಲೇಬೇಕು ಅನ್ನುತ್ತದೆ. ವರ್ಷಕ್ಕೆ ಮೂರು ಅಥವಾ ಜಾಸ್ತಿ ನೀಲಿ ಪಂಪು ಖಾಲಿ ಆದರೆ ಜೋರಾದ ದಮ್ಮು ಬರುವ ಸಾಧ್ಯತೆ ಹೆಚ್ಚು. ಹನ್ನೆರಡು ಅಥವಾ ಜಾಸ್ತಿ ಆದರೆ ಸಾವಿನ ಅಪಾಯ ಹೆಚ್ಚು. ನಿಮ್ಮ ಮನೆಯಲ್ಲಿ ಯಾರಾದರೂ ಬರೀ ನೀಲಿ ಪಂಪಿನ ಮೇಲೆ ಇದ್ದರೆ ಇದೇ ವಾರ ಡಾಕ್ಟರಿಗೆ ತೋರಿಸಿ.

ಪೊಟ್ಟಣದ ಬಿಳಿ ಮಾತ್ರೆ ಕ್ಯಾಂಪಿನ ಆರ್‌ಎಂಪಿ ಕೊಟ್ಟದ್ದು. ಡಾಕ್ಟರ್ ನೋಡಿ ಸ್ಟೀರಾಯ್ಡ್ ಅಂದರು. ‘ಅವನ ಗುಳಿಗಿ ತಗೊಂಡ್ರ ಎರಡು ದಿನ ಛಲೋ ಇರ್ತೀನಿ’ ಅಂತ ದೊಡ್ಡವ್ವ ಹೊಗಳಿದರು. ಸುಳ್ಳಲ್ಲ. ಸ್ಟೀರಾಯ್ಡ್ ಮಾತ್ರೆ ದಮ್ಮಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮುಖ ಊದುತ್ತದೆ. ದೊಡ್ಡವ್ವನ ಮುಖ ದುಂಡಗಾಗಿತ್ತು, ಸಕ್ಕರೆ 250 ದಾಟಿತ್ತು. ಇದನ್ನು ಒಮ್ಮೆಲೇ ನಿಲ್ಲಿಸಲೂ ಬಾರದು. ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಅಷ್ಟರಲ್ಲಿ ನಿಂತಿರಬಹುದು, ಏಕಾಏಕಿ ಬಿಟ್ಟರೆ ಜೀವಕ್ಕೇ ಕಷ್ಟ. ಡಾಕ್ಟರ್ ಕೆಲವು ವಾರಗಳಲ್ಲಿ ಹಂತ ಹಂತವಾಗಿ ಇಳಿಸಿದರು.

ಇಷ್ಟೆಲ್ಲ ಮಾತ್ರೆ ನುಂಗುವವರು ಪಂಪು ಅಂದರೆ ಮಾತ್ರ ಹೆದರುತ್ತಿದ್ದರು. ‘ಒಮ್ಮಿ ಹಚ್ಚಿದ್ರ ಸಾಯೋತನ ಬಿಡಂಗಿಲ್ಲಂತ.’ ಈ ಹೆದರಿಕೆ ನಮ್ಮ ಕಡೆ ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಓದಿದವರೂ ಇದನ್ನೇ ಹೇಳುತ್ತಾರೆ. ಪಂಪಿನಲ್ಲಿ ಒಂದು ಸಲಕ್ಕೆ ಬರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕ. ಮಾತ್ರೆಯದ್ದು ಮಿಲಿಗ್ರಾಂ ಲೆಕ್ಕ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಅದೂ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಮೈಯೆಲ್ಲ ಸುತ್ತುವುದು ಕಡಿಮೆ. ಚಟ ಹಿಡಿಯುವ ವಸ್ತು ಅದರಲ್ಲಿ ಇಲ್ಲ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ನಾಲಿಗೆ ಹುಣ್ಣಾಗುವುದೂ ತಪ್ಪುತ್ತದೆ.

ರಾತ್ರಿಯೇ ಯಾಕೆ?

ಮೊದಲ ಕಾರಣ ಕಾಯಿಲೆಯದ್ದೇ. ಆಸ್ತಮಾ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಜಾಸ್ತಿ ಆಗುವುದು ಎಲ್ಲ ಕಡೆ ಇರುವುದೇ.

ಉಳಿದ ಕಾರಣ ದೊಡ್ಡವ್ವನ ಲೆಕ್ಕ. ಹಗಲು ಓಪಿಡಿಗೆ ಬಂದರೆ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಔಷಧಿಗೆ ಒಂದು ಸಾಲು. ಆ ದಿನದ ಕೂಲಿ ಹೋಯಿತು. ಸುಗ್ಗಿಯಲ್ಲಿ ಎರಡು ದಿನ ತಪ್ಪಿಸಿದರೆ ಮೇಸ್ತ್ರಿ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತಾನೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿದೆ ನಿಜ, ಆದರೆ ಓಪಿಡಿಗೆ ಹೋಗುವ ಬಸ್ಸಿನ ಹೊತ್ತು, ಗಿರಣಿಗೆ ಹೋಗುವ ಹೊತ್ತು ಒಂದೇ. ಕರ್ನಾಟಕದಲ್ಲಿ 108 ಶುರುವಾದದ್ದು 2008ರಲ್ಲಿ. ರಾತ್ರಿ ಫೋನ್ ಮಾಡಿದರೆ ಕ್ಯಾಂಪಿನವರೆಗೆ ಬರುತ್ತದೆ, ಕಾಸು ಕೇಳುವುದಿಲ್ಲ. ಕ್ಯಾಜುವಾಲ್ಟಿಯಲ್ಲಿ ಸಾಲು ಇಲ್ಲ. ಬಂದ ತಕ್ಷಣ ಹೊಗೆ ಹಚ್ಚುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗಬಹುದು. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡುತ್ತಿದ್ದೆ. ‘ನಾಳೆ ಓಪಿಡಿಗೆ ಬನ್ನಿ’ ಅನ್ನುವುದು ಬರೆಯುವವರಿಗೆ ಸಲಹೆ, ಅವರಿಗೆ ಒಂದು ದಿನದ ಕೂಲಿ.

ಗಿರಣಿಯಲ್ಲಿ ದೊಡ್ಡವ್ವನ ಕೆಲಸ ಕಸ ಹೊಡೆಯುವುದು, ತೌಡು ಚೀಲಕ್ಕೆ ತುಂಬುವುದು. ಭತ್ತ ಕುದಿಸುವ ಬಾಯ್ಲರಿಗೆ ಹೊಟ್ಟೇ ಉರುವಲು, ಅದರ ಕರಿ ಬೂದಿ ಅಂಗಳದ ತುಂಬ. ಮೂಗಿಗೆ ಸೀರೆ ಸೆರಗು ಕಟ್ಟಿಕೊಳ್ಳುತ್ತಾರೆ, ಸಣ್ಣ ದೂಳಿಗೆ ಅದು ಏನೂ ಅಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಅನ್ವಯಿಸುತ್ತದೆ. ಆದರೆ ಮೇಸ್ತ್ರಿ ಕೈಯಲ್ಲಿ ದಿನಗೂಲಿ ಪಡೆಯುವವರ ಹೆಸರು ಗಿರಣಿಯ ಪುಸ್ತಕದಲ್ಲೇ ಇಲ್ಲ. ಮನೆಗೆ ಬಂದರೆ ಬಳ್ಳಾರಿ ಜಾಲಿ ಕಟ್ಟಿಗೆಯ ಒಲೆ. ಉಜ್ವಲ ಯೋಜನೆಯ ಸಿಲಿಂಡರ್ ಇದೆ. ಚಹಾಕ್ಕೆ, ನೆಂಟರು ಬಂದಾಗ ಅಷ್ಟೇ. ತುಂಬಿಸಲು ದುಡ್ಡು ಬೇಕಲ್ಲ.

ಮಾಡಿದ್ದು ಏನು

ದೊಡ್ಡ ಯೋಜನೆ ಏನೂ ಇಲ್ಲ. ಮೊದಲು ಒಂದು ಹಾಳೆ ಮಾಡಿದೆವು. ಅದರಲ್ಲಿ ದೊಡ್ಡವ್ವನ ಹೆಸರು ಸರಿಯಾದ ಅಕ್ಷರದಲ್ಲಿ, ಪಕ್ಕದ ಮನೆಯ ಫೋನ್ ನಂಬರ್, ಕಾಯಿಲೆ, ಈಗಿನ ಔಷಧಿ, ಸಕ್ಕರೆ, ಮತ್ತು ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸಾಲು: ‘ಒಮ್ಮೆ ಎದೆ ಸದ್ದು ನಿಂತು ಗಂಭೀರ ಆಗಿತ್ತು. ಪ್ರತಿ ಸಲ ಪೂರ್ತಿ ಪರೀಕ್ಷೆ ಮಾಡಿ.’ ಹಾಳೆ ಕ್ಯಾಜುವಾಲ್ಟಿ ಮೇಜಿನ ಫೈಲಿನಲ್ಲಿ. ಯಾರ ಡ್ಯೂಟಿ ಇದ್ದರೂ ಅದನ್ನು ತೆಗೆದು ನೋಡಬೇಕು. ಇನ್ನೊಂದು ಪ್ರತಿ ಆ ಪ್ಲಾಸ್ಟಿಕ್ ಚೀಲಕ್ಕೆ.

ಎರಡನೆಯದು ಡಾಕ್ಟರ್ ತೆಗೆದುಕೊಂಡ ತೀರ್ಮಾನ. ಇವರು ಬರುವುದೇ ರಾತ್ರಿ, ಹಾಗಾದರೆ ದಿನಾ ತಗೊಳ್ಳುವ ಔಷಧಿಯನ್ನೂ ರಾತ್ರಿ ಬಂದಾಗಲೇ ಇಲ್ಲಿಂದ ಕೊಟ್ಟು ಕಳಿಸೋಣ ಅಂದರು. ಬಾವು ಇಳಿಸುವ ಬುಡೆಸೊನೈಡ್ ಮತ್ತು ನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪು ಬರೆದರು. ದಿನಾ ಎರಡು ಹೊತ್ತು ಅದೇ, ನಡುವೆ ದಮ್ಮು ಬಂದರೂ ಅದೇ. ದಮ್ಮಿಗೆ ನೀಲಿ ಪಂಪು, ಬಾವಿಗೆ ಕಂದು ಪಂಪು ಅಂತ ಗೊಂದಲ ಇಲ್ಲ. ಸ್ಟಾಕ್ ಇದ್ದಾಗ ಕೆಲವು ಪಂಪು ಕ್ಯಾಜುವಾಲ್ಟಿ ಕಪಾಟಿನಲ್ಲೇ ಇಡುತ್ತೇವೆ. ಇಲ್ಲದಾಗ ಜನೌಷಧಿ ಅಂಗಡಿ.

ಪಂಪು ಒತ್ತುವ ಗಳಿಗೆಗೆ ಸರಿಯಾಗಿ ಉಸಿರು ಎಳೆಯುವುದು ದೊಡ್ಡವ್ವನಿಗೆ ಆಗಲಿಲ್ಲ. ಅದಕ್ಕೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಟೊಳ್ಳು ಕೊಳವೆ ಬೇಕು, ಅದು ಇರಲಿಲ್ಲ. ಅರ್ಧ ಲೀಟರ್ ನೀರಿನ ಬಾಟಲಿ ತಗೊಂಡು, ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ತೂತು ಮಾಡಿ, ಪಂಪು ಸೇರಿಸಿ, ಸುತ್ತ ಗಾಳಿ ಸೋರದಂತೆ ಟೇಪು ಸುತ್ತಿದೆವು. ಬಾಟಲಿಯ ಬಾಯಿಗೆ ತುಟಿ ಬಿಗಿಯಾಗಿ ಹಚ್ಚಿ, ಒಮ್ಮೆ ಒತ್ತಿ, ನಿಧಾನಕ್ಕೆ ಐದಾರು ಉಸಿರು. ಆಮೇಲೆ ಎರಡನೇ ಸಲ ಒತ್ತುವುದು. ಇದು ನಮ್ಮ ಸ್ವಂತ ಕಲ್ಪನೆ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ಪರೀಕ್ಷೆ ಮಾಡಿ, ಸರಿಯಾಗಿ ಮುಚ್ಚಿದ 500 ಮಿಲಿಲೀಟರ್ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 1999ರಲ್ಲಿ ತೋರಿಸಿದ್ದಾರೆ. ಸುತ್ತ ಮುಚ್ಚದೆ ಬಿಟ್ಟರೆ ಅಷ್ಟು ಕೆಲಸ ಮಾಡುವುದಿಲ್ಲ.

ಕಲಿಸಿದ್ದು ಮೊಮ್ಮಗಳಿಗೆ. ದೊಡ್ಡವ್ವನಿಗಿಂತ ಬೇಗ ಅವಳು ಹಿಡಿದಳು. ಆ ಪಂಪಿನಲ್ಲಿ 120 ಸಲಕ್ಕೆ ಔಷಧಿ, ದಿನಕ್ಕೆ ನಾಲ್ಕು ಅಂದರೆ ತಿಂಗಳಿಗೆ ಒಂದು ಪಂಪು ಅಂತ ಅವಳೇ ಭಾಗಿಸಿ ಹೇಳಿದಳು. ದಮ್ಮು ಬಂದು ಜಾಸ್ತಿ ಎಳೆದ ದಿನ ಇದ್ದರೆ ಬೇಗ ಮುಗಿಯುತ್ತೆ ಅಂತಲೂ ಅವಳೇ ಸೇರಿಸಿದಳು. ಮನೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಗೆರೆ ಹಾಕುತ್ತಾಳೆ. ‘ಅಮ್ಮಾ, ಇನ್ನ ಐದು ದಿನಕ್ಕ ಮುಗಿತೈತಿ ನೋಡು’ ಅಂತ ಅಜ್ಜಿಗೆ ಮೊದಲೇ ಹೇಳುತ್ತಾಳಂತೆ. ಹನ್ನೆರಡು ವರ್ಷದ ಹುಡುಗಿಯ ಮೇಲೆ ಇಷ್ಟು ಭಾರ ಹಾಕಬೇಕಾ ಅನ್ನುವ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ನಡುರಾತ್ರಿ 108ಗೆ ಫೋನ್ ಮಾಡಿ ಒಬ್ಬಳೇ ಕಾಯುತ್ತಿದ್ದವಳೂ ಅವಳೇ.

ಯಾವಾಗ ಬರಬೇಕು ಅನ್ನುವುದನ್ನು ದೊಡ್ಡದಾಗಿ ಬರೆದುಕೊಟ್ಟೆವು. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ. ಪಂಪು ಎಳೆದರೂ ಹಗುರಾಗದಿದ್ದರೆ, ಅಥವಾ ಹಗುರಾಗಿ ಸ್ವಲ್ಪ ತಾಸಿನಲ್ಲೇ ಮತ್ತೆ ಹತ್ತಿದರೆ. ತುಟಿ ನೀಲಿಯಾದರೆ, ಮಂಪರು ಬಂದರೆ. ಆಗ ಹಗಲು ರಾತ್ರಿ ನೋಡಬೇಡಿ, ಕಾಯಬೇಡಿ. ಬರಬೇಡಿ ಅಂತ ನಾವು ಒಮ್ಮೆಯೂ ಹೇಳಲಿಲ್ಲ.

ಗಿರಣಿಯ ವಿಷಯದಲ್ಲಿ ಕೈಗೆ ಹತ್ತಿದ್ದು ಸ್ವಲ್ಪವೇ. ಆಶಾ ಕಾರ್ಯಕರ್ತೆ ಮೇಸ್ತ್ರಿ ಹತ್ತಿರ ಮಾತಾಡಿ, ತೌಡು ತುಂಬುವ ಕೆಲಸದಿಂದ ಚೀಲ ಎಣಿಸುವ, ಬಾಯಿ ಹೊಲಿಯುವ ಕಡೆಗೆ ಹಾಕಿಸಿದರು. ಗೃಹಲಕ್ಷ್ಮಿ ದುಡ್ಡು ಬಂದ ತಿಂಗಳು ಸಿಲಿಂಡರ್ ತುಂಬಿಸುತ್ತಾರೆ, ತಡವಾದ ತಿಂಗಳು ಮತ್ತೆ ಜಾಲಿ ಕಟ್ಟಿಗೆ.

ಫಲ ಸಿಕ್ಕಿತಾ?

ಆಮೇಲಿನ ಆರು ತಿಂಗಳಲ್ಲಿ ದೊಡ್ಡವ್ವ ದಮ್ಮು ಅಂತ ಕ್ಯಾಜುವಾಲ್ಟಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಆದರೂ ಇದನ್ನು ಗೆಲುವು ಅಂತ ಕರೆಯುವ ಮೊದಲು ಅಮೆರಿಕದ ಒಂದು ಅನುಭವ ಹೇಳಬೇಕು. ನ್ಯೂಜೆರ್ಸಿಯ ಕ್ಯಾಮ್ಡೆನ್ ಪಟ್ಟಣದಲ್ಲಿ ಜೆಫ್ರಿ ಬ್ರೆನ್ನರ್ ಅನ್ನುವ ಡಾಕ್ಟರ್, ಅತಿ ಹೆಚ್ಚು ಸಲ ಆಸ್ಪತ್ರೆಗೆ ಬರುವವರನ್ನು ಗುರುತಿಸಿ, ಅವರ ಮನೆಗೆ ತಂಡ ಕಳಿಸಿ ನೋಡಿಕೊಳ್ಳುವ ಕೆಲಸ ಶುರು ಮಾಡಿದರು. ಭೇಟಿಗಳು ಇಳಿದವು, ದೊಡ್ಡ ಹೆಸರು ಬಂತು. ಆಮೇಲೆ 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಬಂತು. ತಂಡ ನೋಡಿಕೊಂಡವರಲ್ಲಿ 62.3% ಜನ 180 ದಿನದೊಳಗೆ ಮತ್ತೆ ಆಸ್ಪತ್ರೆಗೆ ಸೇರಿದರು, ತಂಡ ಇಲ್ಲದವರಲ್ಲಿ 61.7%. ವ್ಯತ್ಯಾಸವೇ ಇಲ್ಲ.

ಕಾರಣ ತಿಳಿಯುವುದು ಕಷ್ಟ ಅಲ್ಲ. ತೀರಾ ಕೆಟ್ಟ ಹೊತ್ತಿನಲ್ಲಿ ಇರುವವರನ್ನೇ ಆರಿಸಿಕೊಂಡರೆ, ಏನೂ ಮಾಡದಿದ್ದರೂ ಎಷ್ಟೋ ಜನರ ಭೇಟಿ ತಾನಾಗೇ ಕಡಿಮೆ ಆಗುತ್ತದೆ. ದೊಡ್ಡವ್ವನ ಹಾಳೆ ಶುರುವಾದದ್ದೂ ಸುಗ್ಗಿಯ ಹೊತ್ತಲ್ಲಿ. ಸುಗ್ಗಿ ಮುಗಿದರೆ ದೂಳು ಇಳಿಯುತ್ತದೆ, ದಮ್ಮೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಚಳಿಗಾಲದ ಕೊನೆಯ ಲೆಕ್ಕ ನೋಡಿ ನಾನು ಖುಷಿ ಪಡಲಿಲ್ಲ. ಏಪ್ರಿಲ್, ಮೇನಲ್ಲಿ ಬೇಸಿಗೆ ಬೆಳೆಯ ಕಟಾವು ಬಂತು. ಹಿಂದಿನ ವರ್ಷ ಅದೇ ಎರಡು ತಿಂಗಳಲ್ಲಿ ವಾರಕ್ಕೊಮ್ಮೆ ಬರುತ್ತಿದ್ದರು. ಈ ಸಲ ಎರಡೇ ಸಲ ಬಂದರು. ಇದನ್ನು ನಂಬುತ್ತೇನೆ, ಯಾಕೆಂದರೆ ಇಲ್ಲಿ ಏನು ಬದಲಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಮೊದಲು ಹೊಟ್ಟೆಗೆ ಹೋಗುತ್ತಿದ್ದ ಔಷಧಿ ಈಗ ಎದೆಗೆ ಹೋಗುತ್ತಿದೆ. ಕ್ಯಾಮ್ಡೆನ್ ರೋಗಿಗಳಿಗೆ ಮನೆ ಇಲ್ಲದ್ದು, ಕುಡಿತ, ನಾಲ್ಕೈದು ಕಾಯಿಲೆ ಒಟ್ಟಿಗೆ ಇದ್ದವು. ಅಂಥವರಿಗೆ ಒಂದು ಹಾಳೆ, ಒಂದು ಬಾಟಲಿ ಸಾಲದು.

ಆ ಎರಡರಲ್ಲಿ ಒಂದು ಸಲ ಸಂಜೆ ಏಳಕ್ಕೆ ಬಂದರು. ಪಂಪು ಎಳೆದು ಹಗುರಾಗಿ, ಎರಡೇ ತಾಸಿಗೆ ಮತ್ತೆ ಹತ್ತಿತ್ತು. ಬರೆದುಕೊಟ್ಟದ್ದನ್ನು ಮೊಮ್ಮಗಳು ಓದಿ ಹೊರಡಿಸಿಕೊಂಡು ಬಂದಿದ್ದಳು. ಆಕ್ಸಿಜನ್ 94 ಇತ್ತು. ಬೇಗ ಬಂದದ್ದಕ್ಕೆ ಬೇಗ ಇಳಿಯಿತು. ರಿಜಿಸ್ಟರಿನಲ್ಲಿ ಇದೂ ಒಂದು ಭೇಟಿ ಅಂತಲೇ ಲೆಕ್ಕ. ಭೇಟಿ ಎಷ್ಟು ಇಳಿಯಿತು ಅಂತ ಮಾತ್ರ ನೋಡುವವರಿಗೆ ಇದು ಸೋಲಾಗಿ ಕಾಣಬಹುದು. ಇದು ಬರಲೇಬೇಕಾದ ಭೇಟಿ.

ಸಕ್ಕರೆ ಕಾಯಿಲೆ ಉಳಿದುಕೊಂಡಿದೆ, ಅದಕ್ಕೆ ಮಾತ್ರೆ ನಡೆದಿದೆ. ಪಂಪು ಸ್ಟಾಕ್ ಇಲ್ಲದೆ ಒಂದು ತಿಂಗಳು ಪರದಾಡಿದ್ದೂ ಆಯಿತು. ಆಗ ಕ್ಯಾಂಪಿನ ಆರ್‌ಎಂಪಿ ಹತ್ತಿರ ಮತ್ತೆ ಹೋಗಿದ್ದರು. ನಾನು ಅದಕ್ಕೆ ದೊಡ್ಡವ್ವನನ್ನು ದೂರುವುದಿಲ್ಲ. ನಾವು ಕೊಡಲು ಆಗದ ದಿನ ಅವನು ಕೊಟ್ಟ.

ಫೈಲಿನಲ್ಲಿ ಈಗ ಇನ್ನೂ ಕೆಲವು ಹಾಳೆ ಸೇರಿವೆ. ಫಿಟ್ಸ್ ಮಾತ್ರೆ ನಡುವೆ ನಿಲ್ಲಿಸಿ ತಿಂಗಳಿಗೊಮ್ಮೆ ಬೀಳುವ ಒಬ್ಬ ಹುಡುಗ. ಇನ್ಸುಲಿನ್ ತಗೊಂಡು ಊಟ ಬಿಟ್ಟು, ಸಕ್ಕರೆ ಇಳಿದು ಬರುವ ಒಬ್ಬ ಅಜ್ಜ. ಅವರ ಚೀಲಗಳನ್ನು ಇನ್ನೂ ಸುರಿಸಿ ನೋಡಿಲ್ಲ. ಮುಂಗಾರು ಭತ್ತ ಮತ್ತೆ ಕಟಾವಿಗೆ ಬರುತ್ತಿದೆ. ಸ್ಪೇಸರ್‌ಗೆ ಇಂಡೆಂಟ್ ಹಾಕಿದ್ದೇವೆ, ಇನ್ನೂ ಬಂದಿಲ್ಲ. ಅಲ್ಲಿವರೆಗೆ ಬಾಟಲಿಗೆ ತೂತು ಮಾಡಿ ಕೊಡುತ್ತಿದ್ದೇವೆ.